ರಾಬರ್ಟ್ ರಿಚ್ ಯಾರು? ಹೆಸರಿಲ್ಲದೆ ಎರಡು ಆಸ್ಕರ್ ಗೆದ್ದ ಡಾಲ್ಟನ್ ಟ್ರಂಬೋ

ಪ್ರಾಕ್ಸಿ ಅಂದ್ರೆ ಏನು ಅಂತ ನಮ್ಮ ಕ್ಯಾಂಪಸ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೂಗೋನು ಒಬ್ಬ, ಅಟೆಂಡೆನ್ಸ್ ಬೀಳೋದು ಇನ್ನೊಬ್ಬನಿಗೆ. ಪ್ರಾಜೆಕ್ಟ್ ರಿಪೋರ್ಟ್ ವಿಷಯಕ್ಕೆ ಬಂದ್ರೂ ಅಷ್ಟೇ. ರಾತ್ರಿಯೆಲ್ಲಾ ನಿದ್ದೆಗೆಟ್ಟು ಕೋಡ್ ಬರೆದೋರು ಒಬ್ಬರು, ಮುಖಪುಟದಲ್ಲಿ ಹೆಸರು ನಾಲ್ವರದು. ಇದನ್ನೆಲ್ಲ ನಾವು ನಕ್ಕು ಬಿಟ್ಟುಬಿಡ್ತೀವಿ. ಆದರೆ ಸಿನಿಮಾ ಜಗತ್ತಿನ ಅತಿ ದೊಡ್ಡ ಪ್ರಶಸ್ತಿಯೇ ಒಂದು ಕಾಲದಲ್ಲಿ ಪ್ರಾಕ್ಸಿ ಹೆಸರಿಗೆ ಹೋಗಿತ್ತು. ಅದೂ ಒಂದು ಸಲ ಅಲ್ಲ, ಎರಡು ಸಲ. ಎರಡು ಸಲವೂ ನಿಜವಾಗಿ ಕೆಲಸ ಮಾಡಿದ ಮನುಷ್ಯ ಒಬ್ಬರೇ. ಅವರೇ ಚಿತ್ರಕಥೆಗಾರ ಡಾಲ್ಟನ್ ಟ್ರಂಬೋ.

ಆಸ್ಕರ್ ನಾಮಿನೇಷನ್ ಪಟ್ಟಿ ಬಂತು ಅಂದ್ರೆ ಪ್ರತಿವರ್ಷ ಜಗಳ ಇದ್ದದ್ದೇ. ಇವರನ್ನ ಯಾಕೆ ಬಿಟ್ರು, ಅವರನ್ನ ಯಾಕೆ ಸೇರಿಸಿದ್ರು ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತೆ. ಅದರಲ್ಲಿ ಹೆಚ್ಚಿನದು ಅವರವರ ರುಚಿಯ ವಿಷಯ. 1957ರ ಜಗಳ ಹಾಗಿರಲಿಲ್ಲ. ಆ ವರ್ಷ ಅಕಾಡೆಮಿ, ಒಳ್ಳೇ ಕೆಲಸ ಮಾಡಿದ್ದರೂ ಇಂಥವರಿಗೆ ಪ್ರಶಸ್ತಿ ಕೊಡಕೂಡದು ಅಂತ ನಿಯಮವನ್ನೇ ಬರೆದಿಟ್ಟಿತು. ಆ ನಿಯಮ ಎರಡೇ ವರ್ಷದಲ್ಲಿ ಮುರಿದು ಬಿತ್ತು. ಅದನ್ನು ಬೀಳಿಸಿದವರಲ್ಲಿ ಟ್ರಂಬೋ ಮುಖ್ಯರು. ಅವರು ಬಳಸಿದ ಆಯುಧ ಒಂದು ಟೈಪ್‌ರೈಟರ್, ಜೊತೆಗೆ ಕೊನೆಯಿಲ್ಲದಷ್ಟು ಸುಳ್ಳು ಹೆಸರುಗಳು.

ಬೇಕರಿಯ ರಾತ್ರಿಪಾಳಿ

ಟ್ರಂಬೋ ಹುಟ್ಟಿದ್ದು 1905ರ ಡಿಸೆಂಬರ್ 9ರಂದು, ಅಮೆರಿಕದ ಕೊಲೊರಾಡೋ ರಾಜ್ಯದ ಮಾಂಟ್ರೋಸ್ ಅನ್ನೋ ಊರಲ್ಲಿ. ಬೆಳೆದದ್ದು ಅದೇ ರಾಜ್ಯದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ. ಅಪ್ಪ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹೈಸ್ಕೂಲಿನಲ್ಲಿ ಇರುವಾಗಲೇ ಟ್ರಂಬೋ ಊರಿನ ಪತ್ರಿಕೆಗೆ ವರದಿ ಬರೆಯೋಕೆ ಶುರು ಮಾಡಿದರು. ಆಮೇಲೆ ಕೊಲೊರಾಡೋ ವಿಶ್ವವಿದ್ಯಾಲಯ ಸೇರಿದರು, ಆದರೆ ಅಲ್ಲಿ ಓದಿದ್ದು ಒಂದೇ ವರ್ಷ. ಅಪ್ಪನ ಕೆಲಸ ಹೋಗಿ ಮನೆಮಂದಿಯೆಲ್ಲ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಬೇಕಾಯಿತು. 1926ರಲ್ಲಿ ಅಪ್ಪನೂ ತೀರಿಕೊಂಡರು. ಇಪ್ಪತ್ತರ ಹುಡುಗನ ಮೇಲೆ ಅಮ್ಮ, ಇಬ್ಬರು ತಂಗಿಯರ ಭಾರ ಬಿತ್ತು.

ಸದ್ಯಕ್ಕೆ ಸಾಕು ಅಂತ ಒಂದು ಬೇಕರಿಯಲ್ಲಿ ರಾತ್ರಿಪಾಳಿ ಕೆಲಸ ಹಿಡಿದರು. ಆ ಸದ್ಯಕ್ಕೆ ಅನ್ನೋದು ಎಂಟು ವರ್ಷ ದಾಟಿತು. ರಾತ್ರಿ ಬ್ರೆಡ್ ಕೆಲಸ, ಹಗಲು ಬರವಣಿಗೆ. ಆ ವರ್ಷಗಳಲ್ಲಿ ಅವರು 88 ಸಣ್ಣಕಥೆ, 6 ಕಾದಂಬರಿ ಬರೆದರು, ಎಲ್ಲವೂ ತಿರಸ್ಕೃತವಾಗಿ ವಾಪಸ್ ಬಂದವು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಮೂರು ಕಂಪನಿ ಬೇಡ ಅಂದ್ರೆ ನಮಗೆ ಊಟ ಸೇರಲ್ಲ. ಇಲ್ಲಿ ಲೆಕ್ಕ ಹಾಕಿ, ಒಟ್ಟು 94 ಸಲ.

1934ರ ಸುಮಾರಿಗೆ ಒಂದು ಸಿನಿಮಾ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ ಕಥೆಗಳನ್ನು ಓದಿ ಸಾರಾಂಶ ಬರೆದುಕೊಡೋ ಕೆಲಸ. ಅಲ್ಲಿಂದ ನಿಧಾನಕ್ಕೆ ಚಿತ್ರಕಥೆಯ ಕಡೆ ಸರಿದರು. 1935ರಲ್ಲಿ ಮೊದಲ ಕಾದಂಬರಿ ಬಂತು. 1938ರಲ್ಲಿ ಕ್ಲಿಯೋ ಫಿಂಚರ್ ಅವರನ್ನು ಮದುವೆಯಾದರು. ಮುಂದೆ ಮೂವರು ಮಕ್ಕಳಾದರು.

1939ರಲ್ಲಿ ಬಂದ 'ಜಾನಿ ಗಾಟ್ ಹಿಸ್ ಗನ್' ಕಾದಂಬರಿ ಅವರಿಗೆ ಹೆಸರು ತಂದುಕೊಟ್ಟಿತು. ಮೊದಲ ಮಹಾಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲವನ್ನೂ ಕಳಕೊಂಡು, ಬುದ್ಧಿ ಮಾತ್ರ ಚುರುಕಾಗಿ ಉಳಿದ ಸೈನಿಕನೊಬ್ಬನ ಕಥೆ ಅದು. ಹೊರಗಿನವರ ಜೊತೆ ಮಾತಾಡೋಕೆ ಅವನಿಗೆ ಉಳಿದ ದಾರಿ ಒಂದೇ, ದಿಂಬಿಗೆ ತಲೆ ಬಡಿದು ಮೋರ್ಸ್ ಕೋಡ್ ಕಳಿಸೋದು. ಮೆಟಾಲಿಕಾ ಕೇಳುವ ಗೆಳೆಯರಿಗೆ ಈ ಕಥೆ ಗೊತ್ತೇ ಇರುತ್ತೆ. ಅವರ 'ಒನ್' ಹಾಡಿಗೆ ಮೂಲ ಇದೇ, ಅದರ ವಿಡಿಯೋದಲ್ಲಿ ನಡುನಡುವೆ ಬರುವ ದೃಶ್ಯಗಳು ಈ ಕಾದಂಬರಿಯ ಸಿನಿಮಾ ರೂಪದ್ದು.

1940ರ 'ಕಿಟ್ಟಿ ಫಾಯ್ಲ್' ಚಿತ್ರಕಥೆಗೆ ಟ್ರಂಬೋಗೆ ಮೊದಲ ಆಸ್ಕರ್ ನಾಮಿನೇಷನ್ ಸಿಕ್ಕಿತು. ಗೆದ್ದದ್ದು 'ದಿ ಫಿಲಡೆಲ್ಫಿಯಾ ಸ್ಟೋರಿ' ಬರೆದ ಡೊನಾಲ್ಡ್ ಆಗ್ಡನ್ ಸ್ಟುವರ್ಟ್. ಈ ಸಿನಿಮಾದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ. ಸೋತವರು, ಗೆದ್ದವರು ಇಬ್ಬರೂ ಮುಂದೆ ಒಂದೇ ಕಪ್ಪುಪಟ್ಟಿಗೆ ಸೇರುತ್ತಾರೆ ಅಂತ ಆ ರಾತ್ರಿ ಯಾರೂ ಊಹಿಸಿರಲಾರರು.

ಒಂದು ಪ್ರಶ್ನೆ, ಹತ್ತು ಜನ

ಎರಡನೇ ಮಹಾಯುದ್ಧದ ಹೊತ್ತಿಗೆ ಟ್ರಂಬೋ ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುವ ಬರಹಗಾರರಲ್ಲಿ ಒಬ್ಬರು. ಎಂಜಿಎಂ ಸ್ಟುಡಿಯೋ ಜೊತೆ ಒಪ್ಪಂದ, ವೆಂಚುರಾ ಕಡೆ ಬೆಟ್ಟದ ಮೇಲೆ ದೊಡ್ಡ ತೋಟದ ಮನೆ. ಕೂಲಿಗಾರರ ಪರ, ಸ್ಟುಡಿಯೋ ನೌಕರರ ಮುಷ್ಕರಗಳ ಪರ ನಿಲ್ಲುತ್ತಿದ್ದರು. 1943ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಆಗ ಅಮೆರಿಕ ಮತ್ತು ರಷ್ಯಾ ಹಿಟ್ಲರ್ ವಿರುದ್ಧ ಒಂದೇ ಕಡೆ ಇದ್ದವು. ಪಕ್ಷದ ಸದಸ್ಯತ್ವ ಅಪರಾಧವೂ ಆಗಿರಲಿಲ್ಲ.

ಟ್ರಂಬೋ ಅವರನ್ನು ಕಳಂಕವೇ ಇಲ್ಲದ ಹೀರೋ ಮಾಡೋಕೆ ನಾವು ಹೊರಟಿಲ್ಲ. ಅವರ ಯುದ್ಧವಿರೋಧಿ ಕಾದಂಬರಿಯನ್ನು ಮೆಚ್ಚಿ ಹಿಟ್ಲರ್ ಪರ ಒಲವಿದ್ದ ಕೆಲವರು ಪತ್ರ ಬರೆದಾಗ, ಅವರು ಆ ಪತ್ರಗಳ ವಿಷಯವನ್ನು ತಾವೇ ಎಫ್‌ಬಿಐಗೆ ತಿಳಿಸಿದರು. ಮನೆಗೆ ಬಂದ ಅಧಿಕಾರಿಗಳಿಗೆ ಪತ್ರ ಬರೆದವರಿಗಿಂತ ತಮ್ಮ ಮೇಲೇ ಹೆಚ್ಚು ಕುತೂಹಲ ಅಂತ ಆಮೇಲೆ ಅರ್ಥವಾಯಿತು. ಇನ್ನೊಬ್ಬರ ವಿಚಾರವನ್ನು ಸರ್ಕಾರಕ್ಕೆ ಒಪ್ಪಿಸೋದು ಅಂದ್ರೆ ಏನು ಅಂತ ಅವರಿಗೆ ಎರಡೂ ಕಡೆಯಿಂದ ಗೊತ್ತಿತ್ತು. ಸ್ಟಾಲಿನ್ ಕಾಲದ ಕ್ರೌರ್ಯದ ಬಗ್ಗೆ ಅವರ ಪಕ್ಷ ಕಣ್ಣು ಮುಚ್ಚಿ ಕೂತದ್ದೂ ನಿಜ.

ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ, ದೇಶವಿರೋಧಿ ಚಟುವಟಿಕೆಗಳನ್ನು ಪತ್ತೆ ಮಾಡೋಕೆ ಅಂತ ಒಂದು ಸಮಿತಿ ಇತ್ತು. 1947ರ ಅಕ್ಟೋಬರ್‌ನಲ್ಲಿ ಅದು ಹಾಲಿವುಡ್‌ನ ಮಂದಿಯನ್ನು ವಾಷಿಂಗ್ಟನ್‌ಗೆ ಕರೆಸಿತು. ಎಲ್ಲರಿಗೂ ಕೇಳಿದ ಮುಖ್ಯ ಪ್ರಶ್ನೆ, ನೀವು ಈಗ ಕಮ್ಯುನಿಸ್ಟ್ ಪಕ್ಷದಲ್ಲಿದ್ದೀರಾ ಅಥವಾ ಹಿಂದೆ ಯಾವಾಗಲಾದರೂ ಇದ್ದಿರಾ ಅನ್ನೋದು. ಹೌದು ಅಂದ್ರೆ ಕೆಲಸ ಹೋಗುತ್ತೆ, ಜೊತೆಗೆ ಇನ್ಯಾರಿದ್ದರು ಹೇಳಿ ಅನ್ನೋ ಮುಂದಿನ ಪ್ರಶ್ನೆ ಬರುತ್ತೆ. ಇಲ್ಲ ಅಂದ್ರೆ ಸುಳ್ಳು ಸಾಕ್ಷಿಯ ಕೇಸು. ಅಕ್ಟೋಬರ್ 28ರಂದು ಟ್ರಂಬೋ ಸರದಿ ಬಂತು. ತನ್ನ ರಾಜಕೀಯ ನಂಬಿಕೆ ಕೇಳುವ ಹಕ್ಕೇ ಸರ್ಕಾರಕ್ಕಿಲ್ಲ, ಸಂವಿಧಾನದ ಮೊದಲ ತಿದ್ದುಪಡಿ ಅದನ್ನು ಕಾಪಾಡುತ್ತೆ ಅನ್ನೋದು ಅವರ ವಾದ. ಉತ್ತರ ಕೊಡಲಿಲ್ಲ. ಕೂಗಾಟ ನಡೆದು ಅವರನ್ನು ಸಾಕ್ಷಿಯ ಜಾಗದಿಂದ ಎಬ್ಬಿಸಿ ಕಳಿಸಿದರು.

ಹೀಗೆ ಉತ್ತರಿಸದೆ ನಿಂತವರು ಒಟ್ಟು ಹತ್ತು ಜನ, ಹೆಚ್ಚಿನವರು ಚಿತ್ರಕಥೆಗಾರರು. ಚರಿತ್ರೆಯಲ್ಲಿ ಅವರಿಗೆ 'ಹಾಲಿವುಡ್ ಟೆನ್' ಅಂತಲೇ ಹೆಸರು. ನವೆಂಬರ್ 24ರಂದು ಕೆಳಮನೆ ಅವರ ಮೇಲೆ ಸದನ ನಿಂದನೆಯ ಆರೋಪ ಹೊರಿಸಿತು. ಮಾರನೇ ದಿನವೇ ಸ್ಟುಡಿಯೋ ದೊರೆಗಳು ನ್ಯೂಯಾರ್ಕ್‌ನ ವಾಲ್ಡೋರ್ಫ್ ಹೋಟೆಲಿನಲ್ಲಿ ಸಭೆ ಸೇರಿ, ಈ ಹತ್ತು ಜನರಿಗೆ ಕೆಲಸ ಕೊಡಲ್ಲ ಅಂತ ಹೇಳಿಕೆ ಹೊರಡಿಸಿದರು. ಕಪ್ಪುಪಟ್ಟಿ ಶುರುವಾದದ್ದು ಅಲ್ಲಿಂದ. ಬರಬರುತ್ತಾ ಆ ಪಟ್ಟಿಗೆ ನೂರಾರು ಹೆಸರು ಸೇರಿದವು.

ಟ್ರಂಬೋಗೆ ಒಂದು ವರ್ಷ ಜೈಲು, ಸಾವಿರ ಡಾಲರ್ ದಂಡ. 1950ರ ಜೂನ್‌ನಲ್ಲಿ ಕೆಂಟಕಿಯ ಆಶ್‌ಲ್ಯಾಂಡ್ ಜೈಲು ಸೇರಿ, ಹತ್ತು ತಿಂಗಳು ಇದ್ದು ಹೊರಬಂದರು. ಅಷ್ಟರಲ್ಲಿ ಒಂದು ತಮಾಷೆ ನಡೆದಿತ್ತು. ಇವರನ್ನೆಲ್ಲ ವಿಚಾರಣೆ ಮಾಡಿದ ಸಮಿತಿಯ ಅಧ್ಯಕ್ಷ ಪಾರ್ನೆಲ್ ಥಾಮಸ್, ಕೆಲಸವನ್ನೇ ಮಾಡದವರ ಹೆಸರುಗಳನ್ನು ತನ್ನ ಕಚೇರಿಯ ಸಂಬಳಪಟ್ಟಿಗೆ ಸೇರಿಸಿ ಆ ದುಡ್ಡನ್ನು ಜೇಬಿಗಿಳಿಸಿದ್ದಕ್ಕೆ ತಾನೂ ಜೈಲು ಪಾಲಾಗಿದ್ದ. ಆತನಿದ್ದ ಜೈಲಿನಲ್ಲೇ ಆ ಹತ್ತು ಜನರಲ್ಲಿ ಇಬ್ಬರೂ ಇದ್ದರು.

ಹೆಸರುಗಳ ಕಳ್ಳಸಂತೆ

ಹೊರಬಂದ ಟ್ರಂಬೋಗೆ ಬರೆಯೋದು ಬಿಟ್ಟು ಬೇರೆ ಕೆಲಸ ಗೊತ್ತಿರಲಿಲ್ಲ. ಆದರೆ ಅವರ ಹೆಸರು ಕಂಡರೆ ಯಾವ ಸ್ಟುಡಿಯೋದ ಗೇಟೂ ತೆರೆಯುತ್ತಿರಲಿಲ್ಲ. ಹೆಸರೇ ತೊಂದರೆಯಾದ್ರೆ ಹೆಸರನ್ನೇ ತೆಗೆದುಬಿಟ್ಟರೆ ಆಯ್ತಲ್ಲ?

ಈ ಕಳ್ಳಸಂತೆ ಎರಡು ರೀತಿ ನಡೀತಿತ್ತು. ಒಂದು, ಇಲ್ಲದ ಹೆಸರೊಂದನ್ನು ಹುಟ್ಟುಹಾಕಿ ಅದರಡಿ ಬರೆಯೋದು. ಇನ್ನೊಂದು, ಪಟ್ಟಿಯಲ್ಲಿಲ್ಲದ ಗೆಳೆಯನೊಬ್ಬ ತನ್ನ ಹೆಸರನ್ನು ಎರವಲು ಕೊಡೋದು. ಸ್ಕ್ರಿಪ್ಟ್ ಅವನ ಹೆಸರಲ್ಲಿ ಮಾರಾಟ ಆಗುತ್ತೆ, ದುಡ್ಡು ನಿಜವಾದ ಬರಹಗಾರನಿಗೆ ಕೈಬದಲಾಗುತ್ತೆ. ನಿರ್ಮಾಪಕರಿಗಂತೂ ಲಾಭವೋ ಲಾಭ, ಮೊದಲ ದರ್ಜೆಯ ಬರಹಗಾರ ಮೂರನೇ ದರ್ಜೆಯ ರೇಟಿಗೆ ಸಿಗುತ್ತಿದ್ದ. ಕಪ್ಪುಪಟ್ಟಿಯನ್ನು ಜೋರಾಗಿ ಬೆಂಬಲಿಸಿದ ಉದ್ಯಮವೇ ಹಿಂಬಾಗಿಲಿನಿಂದ ಅದೇ ಜನರ ಕೆಲಸ ಕೊಳ್ಳುತ್ತಿತ್ತು.

ಎರಡನೇ ರೀತಿಗೆ ದೊಡ್ಡ ಉದಾಹರಣೆ 'ರೋಮನ್ ಹಾಲಿಡೇ'. ರಾಜಕುಮಾರಿಯೊಬ್ಬಳು ಅರಮನೆಯ ಕಟ್ಟುಪಾಡು ತಪ್ಪಿಸಿಕೊಂಡು ರೋಮ್ ನಗರದಲ್ಲಿ ಒಬ್ಬ ಪತ್ರಕರ್ತನ ಜೊತೆ ಒಂದು ದಿನ ಅಲೆಯುವ ಕಥೆ. ನಮ್ಮಲ್ಲಿ ಎಷ್ಟೋ ಜನ ನೋಡಿರ್ತೀವಿ. ಈ ಕಥೆ ಬರೆದದ್ದು ಟ್ರಂಬೋ. ಸ್ಟುಡಿಯೋಗೆ ಕೊಟ್ಟದ್ದು ಗೆಳೆಯ ಇಯಾನ್ ಮೆಕ್‌ಲೆಲನ್ ಹಂಟರ್ ಹೆಸರಲ್ಲಿ. ಸಿಕ್ಕ ಹಣವನ್ನು ಹಂಟರ್ ಟ್ರಂಬೋ ಕೈಗೆ ಮುಟ್ಟಿಸಿದರು. 1953ರಲ್ಲಿ ಸಿನಿಮಾ ಬಂತು, ಆಡ್ರಿ ಹೆಪ್‌ಬರ್ನ್ ತಾರೆಯಾದರು. 1954ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಕಥೆಯ ಪ್ರಶಸ್ತಿ ಹಂಟರ್ ಹೆಸರಿಗೆ ಬಂತು. ಗೆಳೆಯನನ್ನು ಉಳಿಸೋಕೆ ಹೆಸರು ಕೊಟ್ಟ ಆ ಮನುಷ್ಯನಿಗೆ ತನ್ನದಲ್ಲದ ಪ್ರತಿಮೆ ಬಂದು ಕೂತಿತು. ಬೇಡ ಅಂದ್ರೆ ಗುಟ್ಟು ರಟ್ಟಾಗುತ್ತೆ, ಹೌದು ಅಂದ್ರೆ ಸುಳ್ಳಾಗುತ್ತೆ. ಮುಂದೆ ಹಂಟರ್ ಹೆಸರೂ ಕಪ್ಪುಪಟ್ಟಿಗೆ ಸೇರಿತು.

ಜೈಲಿನಿಂದ ಬಂದ ವರ್ಷವೇ ಟ್ರಂಬೋ ಮನೆ ಮಾರಿ ಸಂಸಾರ ಸಮೇತ ಮೆಕ್ಸಿಕೋ ಸಿಟಿಗೆ ಹೋದರು. ಅಲ್ಲಿ ಜೀವನ ಅಗ್ಗ ಅಂದುಕೊಂಡಿದ್ದರು, ಆದರೆ ಕೈಯಲ್ಲಿದ್ದ ಹಣ ಕರಗುತ್ತಾ ಹೋಯಿತು. ಅಲ್ಲಿ ಸಿಕ್ಕ ದೊಡ್ಡ ಆಸ್ತಿ ಅಂದ್ರೆ ಒಂದು ಕಥೆ. ಗೂಳಿಕಾಳಗದಲ್ಲಿ ಗೂಳಿ ತೀರಾ ಧೈರ್ಯದಿಂದ ಹೋರಾಡಿದರೆ ಜನ ಕರವಸ್ತ್ರ ಬೀಸಿ ಅದಕ್ಕೆ ಜೀವದಾನ ಕೊಡಿಸುವ ಪದ್ಧತಿ ಅಲ್ಲಿದೆ. ಅದನ್ನಿಟ್ಟುಕೊಂಡು ಟ್ರಂಬೋ ಒಂದು ಕಥೆ ಹೆಣೆದರು. ಬಡ ಹುಡುಗನೊಬ್ಬ ಸಾಕಿದ ಗೂಳಿಯನ್ನು ಕಾಳಗಕ್ಕೆ ಒಯ್ಯುತ್ತಾರೆ. ಅದನ್ನು ಉಳಿಸೋಕೆ ಹುಡುಗ ದೇಶದ ಅಧ್ಯಕ್ಷರವರೆಗೂ ಹೋಗುತ್ತಾನೆ. ಕೊನೆಗೆ ಗೂಳಿಯ ಜೀವ ಉಳಿಸುವುದು ಅದರ ಹೋರಾಟವೇ. 1954ರಲ್ಲಿ ಟ್ರಂಬೋ ಅಮೆರಿಕಕ್ಕೆ ಮರಳಿದರು. ಕಡಿಮೆ ಬಜೆಟ್ಟಿನ ಸಿನಿಮಾ ಮಾಡುತ್ತಿದ್ದ ಕಿಂಗ್ ಸಹೋದರರು ಈ ಕಥೆ ಕೊಂಡು 1956ರಲ್ಲಿ 'ದಿ ಬ್ರೇವ್ ಒನ್' ಅಂತ ಸಿನಿಮಾ ಮಾಡಿದರು. ಬರೆದವರ ಜಾಗಕ್ಕೆ ಒಂದು ಹೆಸರು ಬೇಕಿತ್ತು. ತಮ್ಮ ಸೋದರಳಿಯನ ಹೆಸರು ಹಾಕಿಬಿಟ್ಟರು, ರಾಬರ್ಟ್ ರಿಚ್ ಅಂತ.

ಒಂದೇ ವರ್ಷ, ಮೂರು ಎಡವಟ್ಟು

ಈಗ 1957ಕ್ಕೆ ಬರೋಣ. ಬರಹಗಾರರಿಗೆ ಕೊಡುವ ಆಸ್ಕರ್‌ಗಳ ನಾಮಿನೇಷನ್‌ನಲ್ಲಿ ಆ ವರ್ಷ ಮೂರು ಎಡವಟ್ಟುಗಳಾದವು. ಇಂಥ ಔಟ್‌ಪುಟ್ ಬಂದ್ರೆ ನಾವು ಪ್ರೋಗ್ರಾಮನ್ನೇ ಅಳಿಸಿ ಮತ್ತೆ ಬರೀತೀವಿ.

ಮೊದಲನೆಯದು ಮೈಕಲ್ ವಿಲ್ಸನ್ ವಿಷಯ. ಇವರು 1952ರಲ್ಲಿ ಆಸ್ಕರ್ ಗೆದ್ದ ಬರಹಗಾರ, 1951ರಲ್ಲಿ ಸಮಿತಿಯ ಮುಂದೆ ಉತ್ತರಿಸದೆ ಕಪ್ಪುಪಟ್ಟಿ ಸೇರಿದವರು. ಅದಕ್ಕೂ ಮೊದಲೇ ಅವರು ಬರೆದಿಟ್ಟಿದ್ದ 'ಫ್ರೆಂಡ್ಲಿ ಪರ್ಸುಯೇಶನ್' 1956ರಲ್ಲಿ ತೆರೆಗೆ ಬಂತು. ಚಿತ್ರಕಥೆ ಯಾರದ್ದು ಅನ್ನೋದನ್ನೇ ಟೈಟಲ್ ಕಾರ್ಡಿನಿಂದ ಬಿಟ್ಟಿದ್ದರು. ಚಿತ್ರಕಥೆ ತನ್ನಷ್ಟಕ್ಕೆ ತಾನೇ ಹುಟ್ಟಿಕೊಂಡಂತೆ! ಆದರೂ ಅದಕ್ಕೆ ನಾಮಿನೇಷನ್ ಬರುವ ಸೂಚನೆ ಕಂಡಿತು. ಅಕಾಡೆಮಿಯ ಆಡಳಿತ ಮಂಡಳಿ 1957ರ ಫೆಬ್ರವರಿಯಲ್ಲಿ ಅವಸರವಸರವಾಗಿ ಹೊಸ ನಿಯಮ ತಂದಿತು. ಕಮ್ಯುನಿಸ್ಟ್ ಪಕ್ಷದ ಸದಸ್ಯ ಅಂತ ಒಪ್ಪಿಕೊಂಡು ಅದನ್ನು ಬಿಟ್ಟಿಲ್ಲದವರು, ಸಮಿತಿಗೆ ಉತ್ತರ ಕೊಡಲು ಒಪ್ಪದವರು ಆಸ್ಕರ್‌ಗೆ ಅರ್ಹರಲ್ಲ ಅನ್ನೋದು ಅದರ ಸಾರ. ಪರಿಣಾಮ ನೋಡಿ. ಚಿತ್ರಕಥೆಗೆ ನಾಮಿನೇಷನ್ ಸಿಕ್ಕಿದೆ, ಆದರೆ ಬರೆದವರು ಅನರ್ಹ ಅಂತ ಅಕಾಡೆಮಿಯೇ ಘೋಷಿಸಿತು. ಕೊನೆಯ ಮತಪತ್ರದಲ್ಲಿ ಅದು ಇರಲೇ ಇಲ್ಲ. ಅದೇ ಸಿನಿಮಾ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಆರಾಮಾಗಿ ಕೂತಿತ್ತು. ಬರಹಗಾರರ ಸಂಘ ರೈಟರ್ಸ್ ಗಿಲ್ಡ್ ಮಾತ್ರ ಇದಕ್ಕೆ ಸೊಪ್ಪು ಹಾಕದೆ ತನ್ನ ಪ್ರಶಸ್ತಿಯನ್ನು ವಿಲ್ಸನ್‌ಗೇ ಕೊಟ್ಟಿತು.

ಎರಡನೆಯದು ಶುದ್ಧ ಕಾಮಿಡಿ. 'ದಿ ಫಿಲಡೆಲ್ಫಿಯಾ ಸ್ಟೋರಿ' ನೆನಪಿದೆಯಲ್ಲ? ಅದನ್ನೇ ಹಾಡು ಸೇರಿಸಿ ಮತ್ತೆ ತೆಗೆದ ಎಂಜಿಎಂ ಸಿನಿಮಾ 'ಹೈ ಸೊಸೈಟಿ' 1956ರಲ್ಲಿ ಭಾರಿ ಓಡಿತ್ತು. ಅದಕ್ಕೂ ಒಂದು ವರ್ಷ ಮೊದಲು ಬೌರಿ ಬಾಯ್ಸ್ ಅನ್ನೋ ಹಾಸ್ಯ ತಂಡದ ಒಂದು ಚಿಕ್ಕ ಸಿನಿಮಾ ಅದೇ ಹೆಸರಲ್ಲಿ ಬಂದುಹೋಗಿತ್ತು. ಅತ್ಯುತ್ತಮ ಕಥೆಯ ನಾಮಿನೇಷನ್ ಪಟ್ಟಿ ಬಂದಾಗ ದೊಡ್ಡ ಸಿನಿಮಾದ ಬದಲು ಈ ಚಿಕ್ಕ ಸಿನಿಮಾದ ಬರಹಗಾರರಾದ ಎಡ್ವರ್ಡ್ ಬರ್ನ್ಡ್ಸ್ ಮತ್ತು ಎಲ್ವುಡ್ ಉಲ್‌ಮನ್ ಹೆಸರು ಅಚ್ಚಾಗಿತ್ತು. ದೊಡ್ಡ ಸಿನಿಮಾ ಹಳೆಯದರ ರೀಮೇಕ್ ಆದ್ದರಿಂದ ಮೂಲ ಕಥೆಯ ಪಟ್ಟಿಗೆ ಅದೂ ಬರುವಂತಿರಲಿಲ್ಲ ಅನ್ನೋದು ಬೇರೆ ಮಾತು. ಬರ್ನ್ಡ್ಸ್ ಮತ್ತು ಉಲ್‌ಮನ್ ಮರ್ಯಾದೆಯಿಂದ ತಮ್ಮ ಹೆಸರು ಹಿಂದಕ್ಕೆ ತೆಗೆದುಕೊಂಡರು. ಆ ಇಡೀ ಗಲಾಟೆಯಲ್ಲಿ ಅತಿ ಪ್ರಾಮಾಣಿಕವಾಗಿ ನಡಕೊಂಡವರು ಬಹುಶಃ ಅವರಿಬ್ಬರೇ.

ಮೂರನೆಯದು ನಮ್ಮ ರಾಬರ್ಟ್ ರಿಚ್. ಅದೇ ಕಥೆಯ ಪಟ್ಟಿಯಲ್ಲಿ ಫ್ರಾನ್ಸಿನ ತತ್ವಜ್ಞಾನಿ ಜೀನ್-ಪಾಲ್ ಸಾರ್ತ್ರ್ ಇದ್ದರು. 'ಉಂಬರ್ಟೋ ಡಿ' ಬರೆದ ಇಟಲಿಯ ಚೆಸಾರೆ ಝವಾಟಿನಿ ಇದ್ದರು. ಅಂಥವರ ನಡುವೆ ಯಾರೂ ಕಂಡು ಕೇಳರಿಯದ ರಾಬರ್ಟ್ ರಿಚ್. ಮಾರ್ಚ್ 27ರ ರಾತ್ರಿ ವೇದಿಕೆ ಮೇಲೆ ನಟಿ ಡೆಬೊರಾ ಕೆರ್ ಲಕೋಟೆ ಒಡೆದು ಓದಿದ್ದು ಅವನದೇ ಹೆಸರು. ಯಾರೂ ಎದ್ದು ಬರಲಿಲ್ಲ. ಗಿಲ್ಡ್‌ನ ಪದಾಧಿಕಾರಿ ಜೆಸ್ಸಿ ಲಾಸ್ಕಿ ಜೂನಿಯರ್ ವೇದಿಕೆ ಹತ್ತಿ, ರಿಚ್ ಅವರ ಹೆಂಡತಿಗೆ ಹೆರಿಗೆ ಸಮಯ, ಅವರು ಆಸ್ಪತ್ರೆಯಲ್ಲಿದ್ದಾರೆ ಅಂತ ಹೇಳಿ ಪ್ರತಿಮೆ ತಗೊಂಡರು. ಮಾರನೇ ದಿನ ಹುಡುಕಿದರೆ ಆಸ್ಪತ್ರೆಯಲ್ಲಿ ಹೆಂಡತಿಯೂ ಇಲ್ಲ, ಮಗುವೂ ಇಲ್ಲ, ಗಿಲ್ಡ್‌ನ ಸದಸ್ಯರ ಪಟ್ಟಿಯಲ್ಲಿ ಅಂಥ ಬರಹಗಾರನೂ ಇಲ್ಲ.

ಪತ್ರಿಕೆಗಳಿಗೆ ಹಬ್ಬ. ಕಥೆ ತಮ್ಮದು ಅಂತ ಕೆಲವರು ಮುಂದೆ ಬಂದರು. ಟ್ರಂಬೋ ಮನೆಗೆ ಫೋನ್ ಮೇಲೆ ಫೋನ್. ಇಲ್ಲಿ ಅವರು ಜಾಣತನ ತೋರಿಸಿದರು. ತಾನೇ ಅಂತ ಒಪ್ಪಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ಕಪ್ಪುಪಟ್ಟಿಯಲ್ಲಿ ಬೇರೆ ಬರಹಗಾರರೂ ಇದ್ದಾರೆ, ಅವರನ್ನೂ ಕೇಳಿ ನೋಡಿ ಅಂತ ಪತ್ರಕರ್ತರನ್ನು ಕಳಿಸಿದರು. ಆ ಬರಹಗಾರರೂ ಹೀಗೇ ಮಾಡಿದರೆ ಒಳ್ಳೆಯ ಸಿನಿಮಾ ಪ್ರತಿಯೊಂದರ ಹಿಂದೆಯೂ ನಿಷೇಧಿತ ಕೈ ಇರಬಹುದು ಅನ್ನೋ ಅನುಮಾನ ಹರಡುತ್ತೆ. ಹತ್ತು ವರ್ಷ ಗುಟ್ಟು ಅವರಿಗೆ ಉರುಳಾಗಿತ್ತು, ಈಗ ಅದೇ ಗುಟ್ಟು ಅಕಾಡೆಮಿಯ ಕುತ್ತಿಗೆಗೆ ಬಿತ್ತು. ಅತ್ಯುತ್ತಮ ಕಥೆ ಅನ್ನೋ ವಿಭಾಗವನ್ನೇ ಆ ವರ್ಷದ ನಂತರ ನಿಲ್ಲಿಸಲಾಯಿತು.

ನಿಯಮ ಬಿದ್ದ ಬಗೆ

1958ರಲ್ಲಿ ಇನ್ನೂ ದೊಡ್ಡ ಮುಜುಗರ. ಸಿಲೋನ್‌ನಲ್ಲಿ, ಅಂದ್ರೆ ಇವತ್ತಿನ ಶ್ರೀಲಂಕಾದಲ್ಲಿ ಚಿತ್ರೀಕರಣವಾದ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಆಸ್ಕರ್‌ಗಳನ್ನು ಬಾಚಿಕೊಂಡಿತು. ಚಿತ್ರಕಥೆಯ ಪ್ರಶಸ್ತಿ ಹೋದದ್ದು ಮೂಲ ಕಾದಂಬರಿ ಬರೆದ ಪಿಯರ್ ಬೂಲ್ ಅವರಿಗೆ. ಅವರು ಬರೆಯುತ್ತಿದ್ದದ್ದು ಫ್ರೆಂಚಿನಲ್ಲಿ. ಇಂಗ್ಲಿಷ್ ಚಿತ್ರಕಥೆ ಬರೆದವರು ಅದೇ ಮೈಕಲ್ ವಿಲ್ಸನ್ ಮತ್ತು ಕಾರ್ಲ್ ಫೋರ್‌ಮನ್, ಇಬ್ಬರೂ ಕಪ್ಪುಪಟ್ಟಿಯವರು. ಸಿನಿಮಾ ಮಂದಿಯಲ್ಲಿ ಬಹಳಷ್ಟು ಜನಕ್ಕೆ ಇದು ಗೊತ್ತಿತ್ತು.

ಅದೇ ವರ್ಷದ ಕೊನೆಗೆ 'ದಿ ಡಿಫಯಂಟ್ ಒನ್ಸ್' ಪ್ರಶಸ್ತಿಗಳ ಓಟದಲ್ಲಿ ಮುಂದಿತ್ತು. ಅದರ ಇಬ್ಬರು ಬರಹಗಾರರಲ್ಲಿ ಒಬ್ಬರ ಹೆಸರು ನೇಥನ್ ಡಗ್ಲಸ್ ಅಂತ ಬಿದ್ದಿತ್ತು. ಅಸಲಿ ಹೆಸರು ನೆಡ್ರಿಕ್ ಯಂಗ್, ಅವರೂ ಕಪ್ಪುಪಟ್ಟಿಯವರೇ. ನಿರ್ದೇಶಕ ಸ್ಟಾನ್ಲಿ ಕ್ರೇಮರ್ ಒಂದು ಕೀಟಲೆ ಮಾಡಿದ್ದರು. ಇಬ್ಬರೂ ಬರಹಗಾರರಿಗೆ ಸಿನಿಮಾದ ಶುರುವಿನಲ್ಲಿ ಟ್ರಕ್ ಓಡಿಸುವ ಪುಟ್ಟ ಪಾತ್ರ ಕೊಟ್ಟು, ಅವರ ಮುಖ ತೆರೆ ಮೇಲೆ ಇರುವಾಗಲೇ ಬರೆದವರ ಹೆಸರು ಬರುವಂತೆ ಮಾಡಿದ್ದರು. ಹೆಸರು ಸುಳ್ಳು, ಮುಖ ನಿಜ!

ನಾಮಿನೇಷನ್ ಬಂದರೆ ಮತ್ತೆ ಹಳೇ ನಾಟಕ ಶುರುವಾಗುತ್ತೆ ಅಂತ ಅಕಾಡೆಮಿಗೆ ಅರಿವಾಯಿತು. 1959ರ ಜನವರಿ 12ರಂದು ಅದು ನಿಯಮವನ್ನು ಹಿಂತೆಗೆದುಕೊಂಡಿತು. ಕೊಟ್ಟ ಕಾರಣ ಗಮನಿಸಬೇಕು. ನಿಯಮ ಅನ್ಯಾಯ ಅಂತ ಹೇಳಲಿಲ್ಲ, ಜಾರಿ ಮಾಡೋಕೆ ಆಗಲ್ಲ ಅಂತ ಹೇಳಿತು. ಅದು ಒಂದು ಲೆಕ್ಕದಲ್ಲಿ ಸತ್ಯವೇ. ಬರವಣಿಗೆಯ ಮೇಲೆ ಬರಹಗಾರನ ಗುರುತಿನ ಚೀಟಿ ಅಂಟಿಕೊಂಡಿರಲ್ಲ. ಹೆಸರನ್ನು ತಡೆಯಬಹುದು, ಒಳ್ಳೇ ಕಥೆಯನ್ನು ತಡೆಯೋಕಾಗಲ್ಲ. ನಾಲ್ಕೇ ದಿನಕ್ಕೆ, ಜನವರಿ 16ರಂದು ಟ್ರಂಬೋ ಟಿವಿ ಸಂದರ್ಶನದಲ್ಲಿ ರಾಬರ್ಟ್ ರಿಚ್ ತಾನೇ ಅಂತ ಒಪ್ಪಿಕೊಂಡರು. ಆ ವರ್ಷ ಯಂಗ್ ತಮ್ಮ ಸುಳ್ಳು ಹೆಸರಲ್ಲೇ ಆಸ್ಕರ್ ಗೆದ್ದರು.

ನಿಯಮ ಹೋಯಿತು, ಆದರೆ ಸ್ಟುಡಿಯೋಗಳ ಕಪ್ಪುಪಟ್ಟಿ ಉಳಿದಿತ್ತು. 1960ರ ಜನವರಿಯಲ್ಲಿ ನಿರ್ದೇಶಕ ಓಟೋ ಪ್ರೆಮಿಂಜರ್, ತನ್ನ 'ಎಕ್ಸೋಡಸ್' ಚಿತ್ರಕಥೆ ಬರೆದದ್ದು ಟ್ರಂಬೋ, ಹೆಸರೂ ಹಾಕ್ತೀನಿ ಅಂತ ಬಹಿರಂಗವಾಗಿ ಹೇಳಿದರು. ಕರ್ಕ್ ಡಗ್ಲಸ್ ನಿರ್ಮಾಣದ 'ಸ್ಪಾರ್ಟಕಸ್'ಗೆ ಟ್ರಂಬೋ ಸ್ಯಾಮ್ ಜಾಕ್ಸನ್ ಅನ್ನೋ ಹೆಸರಲ್ಲಿ ಬರೆಯುತ್ತಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದು ಬಿಡುಗಡೆಯಾದಾಗ ತೆರೆ ಮೇಲೆ ಡಾಲ್ಟನ್ ಟ್ರಂಬೋ ಅಂತಲೇ ಬಂತು. ಕಪ್ಪುಪಟ್ಟಿ ಮುರಿದ ಕೀರ್ತಿ ಇಬ್ಬರಲ್ಲಿ ಯಾರದು ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಮೊದಲು ಬಾಯಿಬಿಟ್ಟವರು ಪ್ರೆಮಿಂಜರ್, ಮೊದಲು ತೆರೆಗೆ ಬಂದದ್ದು 'ಸ್ಪಾರ್ಟಕಸ್'. ಸಿನಿಮಾ ಮಂದಿರದ ಹೊರಗೆ ಪ್ರತಿಭಟನೆಗಳು ನಡೆದವು. ಹೊಸದಾಗಿ ಅಧ್ಯಕ್ಷರಾಗಿದ್ದ ಜಾನ್ ಕೆನಡಿ 1961ರ ಆರಂಭದಲ್ಲಿ ವಾಷಿಂಗ್ಟನ್‌ನ ಥಿಯೇಟರಿಗೆ ಹೋಗಿ ಸಿನಿಮಾ ನೋಡಿಕೊಂಡು ಬಂದರು.

ತಡವಾಗಿ ಬಂದ ಹೆಸರು

ಮುಂದಿನ ವರ್ಷಗಳಲ್ಲಿ ಟ್ರಂಬೋ ತಮ್ಮ ಹೆಸರಲ್ಲೇ ಬರೆದರು. ರಾತ್ರಿಯಿಡೀ ಬಾತ್‌ಟಬ್‌ನಲ್ಲಿ ಕೂತು, ಅಡ್ಡಕ್ಕೆ ಹಲಗೆ ಇಟ್ಟುಕೊಂಡು, ಸಿಗರೇಟ್ ಸೇದುತ್ತಾ ಬರೆಯುವ ಅವರ ಅಭ್ಯಾಸ ಪ್ರಸಿದ್ಧವಾಯಿತು. 1970ರಲ್ಲಿ ರೈಟರ್ಸ್ ಗಿಲ್ಡ್ ದೊಡ್ಡ ಗೌರವ ಕೊಟ್ಟಾಗ ಮಾಡಿದ ಭಾಷಣದಲ್ಲಿ, ಆ ಕಾಲದಲ್ಲಿ ವೀರರನ್ನೋ ಖಳರನ್ನೋ ಹುಡುಕಬೇಡಿ, ಎಲ್ಲರೂ ಬಲಿಯಾದವರೇ ಅನ್ನೋ ಅರ್ಥದ ಮಾತಾಡಿದರು. ಕೆಲವರ ಮನಸ್ಸಿಗೆ ಅದು ತಂಪೆರೆಯಿತು. ಅವರ ಜೊತೆ ಜೈಲಿಗೆ ಹೋಗಿದ್ದ ಆಲ್ಬರ್ಟ್ ಮಾಲ್ಟ್ಜ್‌ಗೆ ಮಾತ್ರ ಸಿಟ್ಟು ಬಂತು. ಗೆಳೆಯರ ಹೆಸರು ಹೇಳಿ ಕೆಲಸ ಉಳಿಸಿಕೊಂಡವರನ್ನೂ, ಹೇಳದೆ ಎಲ್ಲ ಕಳಕೊಂಡವರನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯೇ ಅನ್ನೋದು ಅವರ ಆಕ್ಷೇಪ. ನಮ್ಮ ಕ್ಲಬ್ಬಿನಲ್ಲೂ ಈ ಬಗ್ಗೆ ಎರಡು ಅಭಿಪ್ರಾಯ ಇದೆ. ಮಾಲ್ಟ್ಜ್ ಮಾತನ್ನು ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ ಅನ್ನೋದನ್ನು ಮಾತ್ರ ಎಲ್ಲರೂ ಒಪ್ಪುತ್ತೇವೆ.

1971ರಲ್ಲಿ ಟ್ರಂಬೋ 'ಜಾನಿ ಗಾಟ್ ಹಿಸ್ ಗನ್' ಅನ್ನು ತಾವೇ ನಿರ್ದೇಶಿಸಿ ಸಿನಿಮಾ ಮಾಡಿದರು, ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಅಷ್ಟರಲ್ಲಿ ಆರೋಗ್ಯ ಕೆಡುತ್ತಾ ಬಂದಿತ್ತು, ಕ್ಯಾನ್ಸರ್ ಬಂದು ಒಂದು ಶ್ವಾಸಕೋಶ ತೆಗೆಸಬೇಕಾಯಿತು. 1975ರಲ್ಲಿ ಅಕಾಡೆಮಿಯ ಅಧ್ಯಕ್ಷ ವಾಲ್ಟರ್ ಮಿರಿಶ್, 'ದಿ ಬ್ರೇವ್ ಒನ್' ಪ್ರಶಸ್ತಿಯನ್ನು ಟ್ರಂಬೋ ಹೆಸರಲ್ಲಿ ಅವರಿಗೇ ಮುಟ್ಟಿಸಿದರು. ಪ್ರಶಸ್ತಿ ಘೋಷಣೆಯಾಗಿ 18 ವರ್ಷ ಕಳೆದಿತ್ತು. 1976ರ ಸೆಪ್ಟೆಂಬರ್ 10ರಂದು, 70ನೇ ವಯಸ್ಸಿನಲ್ಲಿ ಟ್ರಂಬೋ ತೀರಿಕೊಂಡರು.

'ರೋಮನ್ ಹಾಲಿಡೇ' ಪ್ರತಿಮೆ ಬಂದದ್ದು ಇನ್ನೂ ತಡವಾಗಿ. 1993ರಲ್ಲಿ ಹೆಂಡತಿ ಕ್ಲಿಯೋ ಅದನ್ನು ಸ್ವೀಕರಿಸಿದರು. ಆ ಸಿನಿಮಾದ ಚಿತ್ರಕಥೆಯ ಹಕ್ಕಿನ ಸಾಲಿಗೆ ರೈಟರ್ಸ್ ಗಿಲ್ಡ್ ಟ್ರಂಬೋ ಹೆಸರು ಸೇರಿಸಿದ್ದು 2011ರ ಡಿಸೆಂಬರ್‌ನಲ್ಲಿ. ಟ್ರಂಬೋ ಮಗ, ಹಂಟರ್ ಮಗ ಇಬ್ಬರೂ ಅದಕ್ಕಾಗಿ ಪ್ರಯತ್ನಪಟ್ಟಿದ್ದರು. ಅಪ್ಪನ ಹೆಸರಿನ ಪಕ್ಕಕ್ಕೆ ಇನ್ನೊಂದು ಹೆಸರು ಬರಲಿ ಅಂತ ಹಂಟರ್ ಮಗನೇ ಕೇಳಿದ್ದು ಸಣ್ಣ ಮಾತಲ್ಲ.

ಟ್ರಂಬೋಗೆ ಇಷ್ಟಾದರೂ ಸಿಕ್ಕಿತು. ಅವರು ಮೊದಲೇ ಹೆಸರು ಮಾಡಿದ್ದವರು, ವೇಗವಾಗಿ ಬರೆಯಬಲ್ಲವರು, ಸಾಲದ್ದಕ್ಕೆ ಜಗಳಗಂಟರು. ಮೈಕಲ್ ವಿಲ್ಸನ್ 1978ರಲ್ಲಿ ತೀರಿಕೊಂಡರು. 'ಕ್ವಾಯ್' ಚಿತ್ರದ ಆಸ್ಕರ್ ಅವರಿಗೆ ಸಿಕ್ಕದ್ದು ಸತ್ತ ಮೇಲೆ. 'ಲಾರೆನ್ಸ್ ಆಫ್ ಅರೇಬಿಯಾ'ಗೆ ಅವರ ಹೆಸರಿಗೆ ನಾಮಿನೇಷನ್ ಸೇರಿಸಿದ್ದು 1995ರಲ್ಲಿ, ಅವರು ಹೋಗಿ 17 ವರ್ಷದ ಮೇಲೆ. ಇವರೆಲ್ಲ ನಮಗೆ ಹೆಸರು ಗೊತ್ತಿರುವವರು. ಆ ಪಟ್ಟಿಯಲ್ಲಿದ್ದ ಎಷ್ಟೋ ನಟನಟಿಯರಿಗೆ ಸುಳ್ಳು ಹೆಸರಿನ ಆಸರೆಯೂ ಇರಲಿಲ್ಲ. ಬರಹಗಾರ ಮುಖ ಮುಚ್ಚಿಕೊಂಡು ಬರೆಯಬಹುದು, ನಟ ಮುಖ ಮುಚ್ಚಿಕೊಂಡು ನಟಿಸೋಕಾಗುತ್ತಾ?

2015ರಲ್ಲಿ ಟ್ರಂಬೋ ಬದುಕಿನ ಮೇಲೆ ಅವರದೇ ಹೆಸರಿನ ಸಿನಿಮಾ ಬಂತು. ಆ ಪಾತ್ರ ಮಾಡಿದ ಬ್ರಯಾನ್ ಕ್ರಾನ್ಸ್‌ಟನ್, ಅಂದ್ರೆ ನಮ್ಮ 'ಬ್ರೇಕಿಂಗ್ ಬ್ಯಾಡ್' ಮೇಷ್ಟ್ರು, ಅತ್ಯುತ್ತಮ ನಟ ಪ್ರಶಸ್ತಿಗೆ ನಾಮಿನೇಟ್ ಆದರು. ಟ್ರಂಬೋ ಹೆಸರನ್ನು ಒಮ್ಮೆ ಬಾಗಿಲ ಹೊರಗೆ ನಿಲ್ಲಿಸಿದ್ದ ಅಕಾಡೆಮಿಯೇ ಆ ಹೆಸರನ್ನು ವೇದಿಕೆ ಮೇಲೆ ಓದಿತು.

ನಮಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಬೇರೆ. ಟ್ರಂಬೋ ಒಂದೇ ವರ್ಷ ಓದಿ ಬಿಟ್ಟ ಕೊಲೊರಾಡೋ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್‌ನಲ್ಲಿ, ವಿದ್ಯಾರ್ಥಿಗಳು ಗುಂಪುಗೂಡಿ ಹರಟೆ ಹೊಡೆಯುವ ಕಡೆ ಒಂದು ಕಾರಂಜಿ ಇದೆ. ಅಲ್ಲಿನ ವಿದ್ಯಾರ್ಥಿಗಳೇ ಹಟ ಹಿಡಿದು 1993ರಲ್ಲಿ ಅದಕ್ಕೆ ಡಾಲ್ಟನ್ ಟ್ರಂಬೋ ಹೆಸರಿಡಿಸಿದರು. ಅವರು ಯಾರೂ ಟ್ರಂಬೋ ಅವರನ್ನು ಕಂಡವರಲ್ಲ, ಅವರಿಗೆ ಇದರಿಂದ ಯಾವ ಮಾರ್ಕ್ಸೂ ಬರುತ್ತಿರಲಿಲ್ಲ. ಕೆಲಸ ಮಾಡಿದವರ ಹೆಸರು ಕೆಲಸದ ಪಕ್ಕದಲ್ಲೇ ಇರಬೇಕು, ಅಷ್ಟೇ ಅವರ ಬೇಡಿಕೆ. ಮುಂದಿನ ಸಲ 'ರೋಮನ್ ಹಾಲಿಡೇ' ನೋಡುವಾಗ ಶುರುವಿನ ಟೈಟಲ್ ಕಾರ್ಡನ್ನು ಓಡಿಸಬೇಡಿ. ಹಳೇ ಪ್ರಿಂಟಾದರೆ ಅದರಲ್ಲಿ ಟ್ರಂಬೋ ಹೆಸರು ಸಿಗಲ್ಲ. ಯಾರ ಹೆಸರು ಇಲ್ಲ ಅನ್ನೋದು ಈಗ ನಿಮಗೂ ಗೊತ್ತು.